ಸೊಪ್ಪು ತೊಡೆಯೆತ್ತರ, ಗಡ್ಡೆ ನಿಂಬೆಗಾತ್ರ: ಹಾಸನದ ಮುಂಗಾರು ಆಲೂಗಡ್ಡೆಯ ಒಂದು ಎಕರೆ

ಜುಲೈ ಮೂರನೇ ವಾರ. ಹಾಸನ ಸೀಮೆಯ ಕೆಂಪು ಮರಳುಗೋಡು ಮಣ್ಣಿನ ಒಂದು ಎಕರೆ. ಮೇ ಕೊನೆಯಲ್ಲಿ ನೆಟ್ಟ ಕುಫ್ರಿ ಜ್ಯೋತಿ ತಳಿಯ ಆಲೂಗಡ್ಡೆಗೆ ಈಗ 55 ದಿನ. ದಾರಿಯಲ್ಲಿ ಹೋಗುವವರು ನಿಂತು ನೋಡುವಷ್ಟು ಹಸಿರು. ಸೊಪ್ಪು ತೊಡೆಯೆತ್ತರ ಬಂದಿದೆ, ಸಾಲಿನ ನಡುವೆ ಮಣ್ಣು ಕಾಣುವುದಿಲ್ಲ. ಒಂದು ಗಿಡ ಕಿತ್ತು ನೋಡಿದರೆ ಬುಡದಲ್ಲಿ ಏಳೆಂಟು ಗಡ್ಡೆ ಇವೆ, ದೊಡ್ಡದು ನಿಂಬೆಹಣ್ಣಿನಷ್ಟು, ಉಳಿದವು ನೆಲ್ಲಿಕಾಯಿ, ಗೋಲಿ. ಈ ವಯಸ್ಸಿಗೆ ಜ್ಯೋತಿಯಲ್ಲಿ ಕೋಳಿಮೊಟ್ಟೆ ಗಾತ್ರದ ಗಡ್ಡೆ ಮೂರು ನಾಲ್ಕಾದರೂ ಕೈಗೆ ಸಿಗಬೇಕಿತ್ತು.

ಇದು ಒಬ್ಬ ರೈತರ ಹೊಲದ ವರದಿಯಲ್ಲ. ಮುಂಗಾರು ಹಂಗಾಮಿನಲ್ಲಿ ಮತ್ತೆ ಮತ್ತೆ ಎದುರಾಗುವ ಸ್ಥಿತಿಯನ್ನು ಒಂದು ಎಕರೆಗೆ ಇಳಿಸಿ, ಲೆಕ್ಕ ಹಾಕಿ ನೋಡುವ ಅಧ್ಯಯನ. ಆ ಎಕರೆಗೆ ಬಿದ್ದ ಗೊಬ್ಬರ ಹೀಗಿದೆ: ಉಳುಮೆಗೆ ಮುಂಚೆ 2 ಟನ್ ಕೋಳಿಗೊಬ್ಬರ, ನೆಡುವಾಗ ಸಾಲಿಗೆ 2 ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಮತ್ತು ಅರ್ಧ ಚೀಲ ಮ್ಯೂರೇಟ್ ಆಫ್ ಪೊಟ್ಯಾಷ್ (ಪೊಟ್ಯಾಷ್ ಗೊಬ್ಬರ), 30ನೇ ದಿನ ಮಣ್ಣು ಏರಿಸುವಾಗ ಒಂದು ಚೀಲ ಯೂರಿಯಾ, 45ನೇ ದಿನ ಒಂದು ವಾರದ ಜಡಿಮಳೆ ನಿಂತ ಮೇಲೆ ಎಲೆ ಸ್ವಲ್ಪ ಹಳದಿ ತಿರುಗಿತೆಂದು ಇನ್ನೊಂದು ಚೀಲ ಯೂರಿಯಾ.

ಸಾರಜನಕವನ್ನು ಕೂಡಿಸಿ ನೋಡೋಣ. ಯೂರಿಯಾದಲ್ಲಿ ಶೇ 46 ಸಾರಜನಕ. ಈಗಿನ ಚೀಲ 45 ಕೆ.ಜಿ., ಆದ್ದರಿಂದ ಚೀಲಕ್ಕೆ 20.7 ಕೆ.ಜಿ. ಎರಡು ಚೀಲಕ್ಕೆ 41.4. ಡಿಎಪಿಯಲ್ಲಿ ಶೇ 18, ಎರಡು ಚೀಲದ 100 ಕೆ.ಜಿ.ಗೆ 18. ಕೋಳಿಗೊಬ್ಬರ ಒಣಗಿದ್ದರೆ ಶೇ 2ರಿಂದ 3, ನಡುವಿನ 2.5 ಹಿಡಿದರೆ 2 ಟನ್ನಿನಲ್ಲಿ 50 ಕೆ.ಜಿ., ಅದರಲ್ಲಿ ಅರ್ಧ ಈ ಬೆಳೆಗೇ ಬಿಡುಗಡೆಯಾದರೂ 25. ಒಟ್ಟು ಸುಮಾರು 84 ಕೆ.ಜಿ. ಬೆಳೆಗೆ ಬೇಕಾದದ್ದೆಷ್ಟು? ಒಂದು ಟನ್ ಗಡ್ಡೆ ಬೆಳೆಯಲು ಸೊಪ್ಪು, ಬೇರು, ಗಡ್ಡೆ ಎಲ್ಲ ಸೇರಿ ಆಲೂಗಡ್ಡೆ ಸುಮಾರು 4ರಿಂದ 5 ಕೆ.ಜಿ. ಸಾರಜನಕ ಹೀರುತ್ತದೆ. ಮಳೆಯಾಶ್ರಯದಲ್ಲಿ ಎಕರೆಗೆ 8 ಟನ್ ಬಂದರೆ ಅದು ಒಳ್ಳೆಯ ಬೆಳೆ. ಅದಕ್ಕೆ 32ರಿಂದ 40 ಕೆ.ಜಿ. ಸಾಕು. ಹಾಕಿದ್ದೆಲ್ಲ ಗಿಡಕ್ಕೆ ಸಿಗುವುದಿಲ್ಲ ನಿಜ. ಆದರೂ 84 ಎಂಬುದು ಎರಡು ಪಟ್ಟು, ಮತ್ತು ಅದರ ಕಾಲು ಭಾಗ ಬಿದ್ದದ್ದು ಬೀಳಬಾರದ ದಿನದಲ್ಲಿ.

ಕೋಳಿಗೊಬ್ಬರವನ್ನು ಲೆಕ್ಕಕ್ಕೆ ಹಿಡಿಯದಿರುವುದು ಇಲ್ಲಿನ ಮೊದಲ ತಪ್ಪು. ಅದನ್ನು ಹಾಕಿದವರಿಗೆ ಅದು ‘ಗೊಬ್ಬರ’, ಯೂರಿಯಾ ‘ಗೌರ್ಮೆಂಟ್ ಗೊಬ್ಬರ’. ಗಿಡಕ್ಕೆ ಆ ಭೇದವಿಲ್ಲ.

ಗಡ್ಡೆ ಯಾಕೆ ತಡವಾಯಿತು

ಗಿಡದ ಬುಡದಿಂದ ಮಣ್ಣಿನೊಳಗೆ ಅಡ್ಡಕ್ಕೆ ಹೊರಡುವ ಬಿಳಿ ಎಳೆಗಳು ಬೇರಲ್ಲ, ಕಾಂಡದ ಕವಲುಗಳು, ಸ್ಟೋಲಾನ್ ಎನ್ನುತ್ತಾರೆ. ನೆಟ್ಟ 20ರಿಂದ 30 ದಿನದೊಳಗೆ ಇವು ಹೊರಡುತ್ತವೆ. ತುದಿ ಮೊದಲು ಕೊಕ್ಕೆಯಂತೆ ಬಾಗಿರುತ್ತದೆ. ಉದ್ದಕ್ಕೆ ಬೆಳೆಯುವುದು ನಿಂತು, ಆ ಕೊಕ್ಕೆ ಸ್ಟೋಲಾನಿನ ದಪ್ಪಕ್ಕಿಂತ ಎರಡು ಪಟ್ಟು ಊದಿಕೊಂಡ ದಿನವೇ ಗಡ್ಡೆ ಕಟ್ಟಿದ ದಿನ. ಜ್ಯೋತಿಯಲ್ಲಿ ಇದು 30ರಿಂದ 40 ದಿನದ ನಡುವೆ ಬರುತ್ತದೆ. ಇದನ್ನು ಕಣ್ಣಿಂದ ನೋಡಬಹುದು. 28ನೇ ದಿನದಿಂದ ಮೂರು ದಿನಕ್ಕೊಮ್ಮೆ ಹೊಲದ ಬೇರೆ ಬೇರೆ ಕಡೆ ನಾಲ್ಕು ಗಿಡ ಬುಡಸಹಿತ ಎತ್ತಿ, ಮಣ್ಣನ್ನು ನೀರಿನಲ್ಲಿ ತೊಳೆದು ತುದಿಗಳನ್ನು ನೋಡಬೇಕು. ಹತ್ತು ತುದಿಗಳಲ್ಲಿ ಐದು ಊದಿದ್ದರೆ ಮೇಲುಗೊಬ್ಬರದ ಬಾಗಿಲು ಮುಚ್ಚುತ್ತಾ ಬಂದಿದೆ ಎಂದರ್ಥ. ಪುಸ್ತಕದ ದಿನದ ಲೆಕ್ಕಕ್ಕಿಂತ ಈ ಪರೀಕ್ಷೆ ನಂಬಿಕಸ್ತ, ಏಕೆಂದರೆ ಮೊಳಕೆ ಮೂಡಿಸಿ ನೆಟ್ಟ ಗಡ್ಡೆಗೂ ಮೊಳಕೆಯಿಲ್ಲದೆ ನೆಟ್ಟದ್ದಕ್ಕೂ ವಾರ ಹತ್ತು ದಿನ ವ್ಯತ್ಯಾಸ ಬರುತ್ತದೆ.

ತುದಿ ಊದುವುದೋ, ಮುಂದೆ ಹರಿದು ಮೇಲೆದ್ದು ಇನ್ನೊಂದು ಕೊಂಬೆಯಾಗುವುದೋ ಎಂಬ ತೀರ್ಮಾನದಲ್ಲಿ ಸಾರಜನಕದ ಕೈವಾಡ ದೊಡ್ಡದು. 1970ರ ದಶಕದಲ್ಲಿ ಜರ್ಮನಿಯ ವಿಜ್ಞಾನಿಗಳಾದ ಕ್ರೌಸ್ ಮತ್ತು ಮಾರ್ಷ್ನರ್ ಪೋಷಕ ದ್ರಾವಣದಲ್ಲಿ ಆಲೂಗಡ್ಡೆ ಬೆಳೆಸಿ ಇದನ್ನು ತೋರಿಸಿದರು. ನೈಟ್ರೇಟ್ (ಗಿಡ ಹೀರುವ ಸಾರಜನಕದ ರೂಪ) ಎಡೆಬಿಡದೆ ಸಿಗುತ್ತಿದ್ದಷ್ಟು ದಿನ ಗಿಡ ಗಡ್ಡೆ ಕಟ್ಟಲಿಲ್ಲ. ಕೆಲವು ದಿನ ನಿಲ್ಲಿಸಿದಾಗ ಕಟ್ಟಿತು. ಮತ್ತೆ ಕೊಟ್ಟಾಗ ಕಟ್ಟಿದ ಗಡ್ಡೆಯ ತುದಿಯಿಂದಲೇ ಸ್ಟೋಲಾನ್ ಹೊರಟಿತು. ಮತ್ತೆ ನಿಲ್ಲಿಸಿದರೆ ಅದರ ತುದಿಯಲ್ಲಿ ಇನ್ನೊಂದು ಗಡ್ಡೆ, ಹೀಗೆ ಸರಪಳಿ. ನೈಟ್ರೇಟ್ ಹೇರಳವಾಗಿದ್ದಾಗ ಗಿಡದಲ್ಲಿ ಜಿಬ್ಬೆರೆಲಿನ್ ಹಾರ್ಮೋನು ಏರಿರುತ್ತದೆ, ಅದು ಉದ್ದ ಬೆಳೆಸುವ ಹಾರ್ಮೋನು. ಹೊಲದ ಮಣ್ಣಿನಲ್ಲಿ ಚಿತ್ರ ಇಷ್ಟು ಸ್ಪಷ್ಟವಾಗಿರುವುದಿಲ್ಲ, ಗಡ್ಡೆ ಕಟ್ಟುವುದು ಪೂರ್ತಿ ನಿಲ್ಲುವುದಿಲ್ಲ, ತಡವಾಗುತ್ತದೆ. ನಮ್ಮ ಎಕರೆಯಲ್ಲಿ ಕೋಳಿಗೊಬ್ಬರ ಮೇ ತಿಂಗಳ ಬಿಸಿ ಮತ್ತು ಮೊದಲ ಮಳೆಗೆ ಕರಗುತ್ತಾ ಜೂನ್ ಪೂರ್ತಿ ನೈಟ್ರೇಟ್ ಕೊಟ್ಟಿತು. ಅದರ ಮೇಲೆ 30ನೇ ದಿನದ ಯೂರಿಯಾ. ಕಟ್ಟಬೇಕಾದ ಹೊತ್ತಿಗೆ ಗಿಡ ಹಸಿದಿರಲಿಲ್ಲ. 45ನೇ ದಿನದ ಚೀಲ, ಗಡ್ಡೆ ತುಂಬಬೇಕಾದ ಹೊತ್ತಿನಲ್ಲಿ ಮತ್ತೆ ಸೊಪ್ಪು ಎಬ್ಬಿಸಿತು. ಗಡ್ಡೆಯ ಮೈಮೇಲೆ ಗುಬುಟು, ಸೊಂಟ ಕಟ್ಟಿದಂಥ ಆಕಾರ, ಗಡ್ಡೆಗೆ ಅಂಟಿದ ಕೂಸುಗಡ್ಡೆ ಕಂಡರೆ ಅದು ಈ ಕಥೆಯ ಗುರುತು. ಒಣ ಬಿಟ್ಟು ಮತ್ತೆ ಮಳೆ ಹೊಡೆದರೂ ಇದೇ ಆಗುತ್ತದೆ. ಎರಡೂ ಸೇರಿದರೆ ಹೆಚ್ಚು.

ಇಷ್ಟು ಸೊಪ್ಪು ಇದ್ದರೆ ಆಮೇಲಾದರೂ ಗಡ್ಡೆ ತುಂಬುತ್ತದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಪಂಜಾಬಿನ ಚಳಿಗಾಲದಲ್ಲಿ, ತಿಳಿಬಿಸಿಲು ತಿಂಗಳುಗಟ್ಟಲೆ ಇರುವ ಕಡೆ, ಸ್ವಲ್ಪಮಟ್ಟಿಗೆ ತುಂಬುತ್ತದೆ. ಹಾಸನದ ಜುಲೈ ಆಗಸ್ಟ್ ಹಾಗಲ್ಲ. ಇಲ್ಲಿ ಗಡ್ಡೆ ತುಂಬುವ ಕಾಲದಲ್ಲೇ ಮೋಡ ಕವಿಯುತ್ತದೆ, ಕೊರತೆಯಾಗುವುದು ಬೆಳಕು. ನೆಲದ ಮೇಲೆ ಎಲೆಯ ಹರವು ನೆಲದ ಮೂರು ನಾಲ್ಕು ಪಟ್ಟಾದರೆ ಬೀಳುವ ಬೆಳಕಿನ ಬಹುಪಾಲು ಹಿಡಿದಾಗುತ್ತದೆ. ಅದಕ್ಕಿಂತ ಹೆಚ್ಚಿನ ಎಲೆ ಕೆಳಗಿನ ಎಲೆಗೆ ನೆರಳು ಹಾಕುತ್ತದೆ ಅಷ್ಟೇ. ಮೇಲಾಗಿ ಒತ್ತಾದ ಸೊಪ್ಪಿನೊಳಗೆ ಬೆಳಗಿನ ಒದ್ದೆ ಮಧ್ಯಾಹ್ನದವರೆಗೂ ಆರುವುದಿಲ್ಲ. ಎಲೆ, ಕಾಂಡ ಕಪ್ಪಾಗಿ ಕೊಳೆಯುವ ಅಂಗಮಾರಿ ರೋಗಕ್ಕೆ ಬೇಕಾದದ್ದು ಅದೇ: ತಂಪು, ಶೇ 90 ಮೀರಿದ ತೇವ, ಎಲೆಯ ಮೇಲೆ ಗಂಟೆಗಟ್ಟಲೆ ನಿಂತ ನೀರು. ಕಳೆದ ಎರಡು ದಶಕದಲ್ಲಿ ಈ ಜಿಲ್ಲೆಯ ಆಲೂಗಡ್ಡೆ ವಿಸ್ತೀರ್ಣ ಕುಗ್ಗಿ ಮುಸುಕಿನ ಜೋಳ, ಶುಂಠಿಗೆ ಹೊಲ ತಿರುಗಿದ್ದರ ಹಿಂದೆ ಅಂಗಮಾರಿಯ ಹೊಡೆತವೇ ದೊಡ್ಡದು. ಯೂರಿಯಾ ಚೀಲ ರೈತನಿಗೆ ಸಿಗುವುದು 266 ರೂಪಾಯಿ 50 ಪೈಸೆಗೆ. ಅಗ್ಗ ಎನ್ನುವುದೇ ಅಪಾಯ. ಅದು ಎಬ್ಬಿಸಿದ ಸೊಪ್ಪಿಗೆ ಹೊಡೆಯುವ ಒಂದೆರಡು ಹೆಚ್ಚುವರಿ ಔಷಧಿ ಸುತ್ತಿನ ಖರ್ಚು ಚೀಲದ ಬೆಲೆಯ ಎಷ್ಟೋ ಪಟ್ಟು.

ತಳಿ ಗೊತ್ತಾಗದೆ ಗೊಬ್ಬರದ ಲೆಕ್ಕ ಆಗುವುದಿಲ್ಲ

ಎಕರೆಗೆ ಎಷ್ಟು ಯೂರಿಯಾ ಎಂದು ಕೇಳಿದವರಿಗೆ ಯಾವ ತಳಿ, ಎಷ್ಟು ದಿನಕ್ಕೆ ಕೀಳುತ್ತೀರಿ ಎಂದು ಮರುಪ್ರಶ್ನೆ ಹಾಕಲೇಬೇಕು. ಸೊಪ್ಪು ಬೇಗ ನಿಲ್ಲಿಸಿ ಗಡ್ಡೆಗೆ ತಿರುಗುವ ಅಲ್ಪಾವಧಿ ತಳಿಗೆ ಇರುವ ಕಡಿಮೆ ದಿನದಲ್ಲಿ ಎಲೆ ಹರಡಲು ಸಾರಜನಕ ಬೇಗ ಬೇಕು, ಧಾರಾಳವಾಗಿ ಬೇಕು. ಹೂ ಬಿಟ್ಟ ಮೇಲೂ ಕವಲೊಡೆಯುತ್ತಲೇ ಹೋಗುವ ದೀರ್ಘಾವಧಿ ತಳಿ ತಾನಾಗಿಯೇ ಸೊಪ್ಪು ಮಾಡಿಕೊಳ್ಳುತ್ತದೆ. ಅದಕ್ಕೆ ಕಡಿಮೆ ಸಾಕು, ಹೆಚ್ಚಾದರೆ ಬಲಿಯುವುದು ಇನ್ನೂ ಮುಂದೆ ಹೋಗುತ್ತದೆ. ಬ್ರಿಟನ್ನಿನ ಗೊಬ್ಬರ ಕೈಪಿಡಿ ಆಲೂಗಡ್ಡೆ ತಳಿಗಳನ್ನು ಇದೇ ಗುಣದ ಮೇಲೆ ನಾಲ್ಕು ಗುಂಪು ಮಾಡಿ, ಗುಂಪಿಗೊಂದು ಸಾರಜನಕದ ಪ್ರಮಾಣ ಕೊಡುತ್ತದೆ. ನಮ್ಮ ಶಿಫಾರಸು ಪಟ್ಟಿಗಳಲ್ಲೂ ಆ ಅಭ್ಯಾಸ ಬರಬೇಕು. ದೊಡ್ಡ ತಳಿಗೆ ದೊಡ್ಡ ಹೊಟ್ಟೆ ಎಂದು ಭಾವಿಸುವುದು ಇಲ್ಲಿ ಉಲ್ಟಾ ಆಗುತ್ತದೆ.

ಹಾಸನದ ಹೊಲದಲ್ಲಿ ನಿಂತು ಆಯ್ಕೆ ನೋಡುವುದಾದರೆ, ಕುಫ್ರಿ ಜ್ಯೋತಿ ಮೊದಲು ಬರುತ್ತದೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ. (ಕುಫ್ರಿ ಶಿಮ್ಲಾ ಪಕ್ಕದ ಊರು, ಅಲ್ಲಿನ ಹವೆಯಲ್ಲಿ ಆಲೂಗಡ್ಡೆ ಚೆನ್ನಾಗಿ ಹೂ ಬಿಡುವುದರಿಂದ ಸಂಕರಣ ಅಲ್ಲೇ ನಡೆಯಿತು, ಹೆಸರು ಉಳಿಯಿತು.) ಅರ್ಧ ಶತಮಾನ ಕಳೆದರೂ ಇದು ಇಲ್ಲಿ ಉಳಿದಿರುವುದಕ್ಕೆ ಕಾರಣವಿದೆ. ಬಿಳಿ ಮೈ, ಅಂಡಾಕಾರ, ಆಳವಿಲ್ಲದ ಕಣ್ಣು, ಮಾರುಕಟ್ಟೆಗೆ ಗೊತ್ತಿರುವ ಮುಖ, ಬಿತ್ತನೆ ಸಲೀಸಾಗಿ ಸಿಗುತ್ತದೆ. ಬಿಡುಗಡೆಯಾದಾಗ ಇದ್ದ ಅಂಗಮಾರಿ ನಿರೋಧ ಶಕ್ತಿ ಮಾತ್ರ ಈಗ ಉಳಿದಿಲ್ಲ. ಆದ್ದರಿಂದ ಜ್ಯೋತಿ ಹಾಕುವವರು ಸಾರಜನಕ ಮತ್ತು ಔಷಧಿಯನ್ನು ಒಂದೇ ಲೆಕ್ಕದ ಎರಡು ಸಾಲು ಎಂದು ನೋಡಬೇಕು.

1998ರ ಕುಫ್ರಿ ಪುಖ್ರಾಜ್ ಹಳದಿ ಗಡ್ಡೆ, ಬೇಗ ತುಂಬುತ್ತದೆ. 70-75 ದಿನಕ್ಕೇ ಕಿತ್ತು ಬೆಲೆ ಹಿಡಿಯುವವರಿಗೆ ಆಗುತ್ತದೆ. ಒಣ ಅಂಶ (ಗಡ್ಡೆಯಲ್ಲಿ ನೀರು ಕಳೆದು ಉಳಿಯುವುದು) ಕಡಿಮೆ, ಚಿಪ್ಸ್‌ಗೆ ಆಗದು, ಬೇಯಿಸಿದರೆ ನೀರುನೀರು. 2006ರ ಕುಫ್ರಿ ಸೂರ್ಯ ಬಿಸಿ ತಾಳುವ ತಳಿ. ರಾತ್ರಿ ತಾಪ 20 ಡಿಗ್ರಿ ದಾಟಿದರೆ ಜ್ಯೋತಿ ಗಡ್ಡೆ ಕಟ್ಟಲು ಹಿಂಜರಿಯುತ್ತದೆ, ಸೂರ್ಯ ಅಷ್ಟು ಹಿಂಜರಿಯುವುದಿಲ್ಲ. ಸುಮಾರು 950 ಮೀಟರ್ ಎತ್ತರದ ಹಾಸನಕ್ಕಿಂತ ಧಾರವಾಡ, ಬೆಳಗಾವಿ ಕಡೆಯ ಮುಂಗಾರಿಗೆ ಅದರ ಉಪಯೋಗ ಹೆಚ್ಚು. ಅಂಗಮಾರಿಗೆ ಅದು ಬಗ್ಗುತ್ತದೆ. ಹಾಸನದ ಮಟ್ಟಿಗೆ ಜ್ಯೋತಿಗೆ ಬದಲು ನೋಡಬೇಕಾದದ್ದು ಕುಫ್ರಿ ಹಿಮಾಲಿನಿ: ಅಂಗಮಾರಿಗೆ ಮಧ್ಯಮ ನಿರೋಧ, ಹುಲುಸು ಸೊಪ್ಪು, ಇಳುವರಿ ಜ್ಯೋತಿಗೆ ಸರಿಸಾಟಿ ಅಥವಾ ಮೇಲೆ. ಹುಲುಸು ಎಂಬ ಮಾತನ್ನು ಗಮನಿಸಬೇಕು. ಇದಕ್ಕೆ ಜ್ಯೋತಿಯಷ್ಟೇ ಯೂರಿಯಾ ಕೊಟ್ಟರೆ ಅದರ ನಿರೋಧ ಶಕ್ತಿಯ ಲಾಭವನ್ನು ಒತ್ತು ಸೊಪ್ಪು ತಿಂದುಹಾಕುತ್ತದೆ. ಚಿಪ್ಸ್ ಒಪ್ಪಂದಕ್ಕೆ ಬೆಳೆಯುವ ಅಟ್ಲಾಂಟಿಕ್ ಅಥವಾ ಚಿಪ್ಸೋನಾ ಬೇರೆಯೇ ಆಟ: ಅಲ್ಲಿ ತೂಕದ ಜೊತೆಗೆ ಒಣ ಅಂಶಕ್ಕೂ ಬೆಲೆ, ತಡವಾದ ಸಾರಜನಕ ಒಣ ಅಂಶವನ್ನು ಇಳಿಸುತ್ತದೆ.

ಬಿತ್ತನೆ ಗಡ್ಡೆ ಕೆಟ್ಟಿದ್ದರೆ ತಳಿಯ ಹೆಸರು ಬರಿ ಹೆಸರು

ಹಾಸನಕ್ಕೆ ಬರುವ ಬಿತ್ತನೆ ಬಹುಪಾಲು ಪಂಜಾಬಿನ ಜಲಂಧರ್ ಕಡೆಯದು. ಅಲ್ಲಿ ಚಳಿಗಾಲದಲ್ಲಿ ಬೆಳೆದು, ಶೀತಲಗೃಹದಲ್ಲಿಟ್ಟು, ಮೇ ಹೊತ್ತಿಗೆ 50 ಕೆ.ಜಿ. ಚೀಲದಲ್ಲಿ ಎಪಿಎಂಸಿ ಅಂಗಳಕ್ಕೆ ಬಂದು ಬೀಳುತ್ತದೆ. ಅಲ್ಲಿನ ಚಳಿಯಲ್ಲಿ ವೈರಸ್ ಹರಡುವ ಸಸ್ಯಹೇನು ಕಡಿಮೆ ಎಂಬುದೇ ಆ ವ್ಯವಸ್ಥೆಯ ಬಲ. ಆದರೆ ಚೀಲದಲ್ಲಿರುವುದು ಬಿತ್ತನೆಗೆಂದೇ ಬೆಳೆದದ್ದೋ, ಊಟದ ಗಡ್ಡೆಯಲ್ಲಿ ಸಣ್ಣದನ್ನು ಆರಿಸಿದ್ದೋ ಎಂಬುದು ಚೀಲ ನೋಡಿ ತಿಳಿಯುವುದಿಲ್ಲ. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ಜೊತೆ ಹಾಸನದಲ್ಲಿ ನಡೆಸಿದ ಕೆಲಸ ಇಲ್ಲಿ ಮುಖ್ಯ. ಅಂಗಾಂಶ ಕೃಷಿಯ ತಾಯಿಗಿಡದ ಕುಡಿ ಕತ್ತರಿಸಿ, ಟ್ರೇಗಳಲ್ಲಿ ಬೇರು ಬರಿಸಿ, ಆ ಸಸಿಯಿಂದ ಇಲ್ಲೇ ಬಿತ್ತನೆ ಗಡ್ಡೆ ಬೆಳೆಯುವುದು. ರೋಗವಿಲ್ಲದ ಬಿತ್ತನೆ ಊರಲ್ಲೇ ಆಗುವಂತಾದರೆ ತಳಿ ಬದಲಿಸುವುದೂ ಸುಲಭ.

ಬಿತ್ತನೆಗೂ ಸಾರಜನಕಕ್ಕೂ ನೇರ ಸಂಬಂಧವಿದೆ, ಅದು ಗಿಡಗಳ ಎಣಿಕೆಯಲ್ಲಿ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಡ್ಡೆಯಿಂದ ಗಡ್ಡೆಗೆ 20 ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು 33,700 ಗಿಡ. 25 ಗ್ರಾಂ ಹೋಳು ನೆಟ್ಟರೆ 840 ಕೆ.ಜಿ. ಬಿತ್ತನೆ ಬೇಕು. 50 ಕೆ.ಜಿ. ಸಾರಜನಕ ಹಾಕಿದರೆ ಗಿಡಕ್ಕೆ ಒಂದೂವರೆ ಗ್ರಾಂ. ಹೋಳು ಕೊಳೆತು ಗಿಡ 25,000ಕ್ಕೆ ಇಳಿದರೆ ಅದೇ ಗೊಬ್ಬರ ಗಿಡಕ್ಕೆ 2 ಗ್ರಾಂ ಆಗುತ್ತದೆ, ಉಳಿದ ಗಿಡ ಸೊಕ್ಕುತ್ತದೆ. ಆದ್ದರಿಂದ ಮೇಲುಗೊಬ್ಬರಕ್ಕೆ ಮುಂಚೆ 10 ಮೀಟರ್ ಸಾಲಿನಲ್ಲಿ ಗಿಡ ಎಣಿಸಬೇಕು. 50 ಇರಬೇಕಾದ ಕಡೆ 38 ಇದ್ದರೆ ಮೇಲುಗೊಬ್ಬರವನ್ನೂ ಕಾಲುಭಾಗ ಇಳಿಸಿ.

ಹೋಳು ಕೊಳೆಯದಿರಲು: ಶೀತಲಗೃಹದಿಂದ ಬಂದ ಚೀಲವನ್ನು ಅದೇ ದಿನ ಕತ್ತರಿಸಬೇಡಿ. ನೆರಳಿನಲ್ಲಿ, ಮಂದ ಬೆಳಕಿನಲ್ಲಿ ಹರಡಿ, ಗಿಡ್ಡ ದಪ್ಪ ಹಸಿರು ಮೊಳಕೆ ಬರಿಸಿ. ತುದಿಯ ಒಂದೇ ಮೊಳಕೆ ಉದ್ದವಾಗಿದ್ದರೆ ಮುರಿದು ಹಾಕಿ. ಬೇರೆ ಕಣ್ಣು ಎಚ್ಚರಗೊಳ್ಳುತ್ತದೆ, ಗಿಡಕ್ಕೆ ಕಾಂಡದ ಸಂಖ್ಯೆ ಹೆಚ್ಚುತ್ತದೆ. ಪ್ರತಿ ಹೋಳಿನಲ್ಲಿ ಎರಡು ಕಣ್ಣು. ಕತ್ತರಿಸುವಾಗ ಒಳಗೆ ಕಂದು ಉಂಗುರ, ಒತ್ತಿದರೆ ಬಿಳಿ ಜಿನುಗು ಕಂಡರೆ ಅದು ದುಂಡಾಣು ಸೊರಗು ರೋಗ. ಆ ಗಡ್ಡೆ ಎಸೆದು, ಕತ್ತಿಯನ್ನು ಔಷಧಿ ನೀರಿಗದ್ದಿ ಮುಂದಿನದಕ್ಕೆ ಕೈಹಾಕಿ. ಹೋಳುಗಳನ್ನು ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಕಲಸಿದ ನೀರಿನಲ್ಲಿ ಅದ್ದಿ, ನೆರಳಲ್ಲಿ ತೆಳುವಾಗಿ ಹರಡಿ, ಗಾಯದ ಮೇಲೆ ತೆಳುಸಿಪ್ಪೆ ಕಟ್ಟಲು ಎರಡು ಮೂರು ದಿನ ಬಿಡಿ.

ಎಕರೆಗೆ 50:40:50ರ ಲೆಕ್ಕ

ಜ್ಯೋತಿಗೆ, ಮಧ್ಯಮ ಫಲವತ್ತಾದ ಮಣ್ಣಿಗೆ, ಎಕರೆಗೆ 50 ಕೆ.ಜಿ. ಸಾರಜನಕ, 40 ರಂಜಕ, 50 ಪೊಟ್ಯಾಷ್ ಹಿಡಿಯೋಣ. ರಂಜಕ 40 ಬೇಕೆಂದರೆ ಡಿಎಪಿ 87 ಕೆ.ಜಿ.; ಅದರ ಜೊತೆಗೆ 15.6 ಕೆ.ಜಿ. ಸಾರಜನಕ ಬಂತು. ಉಳಿದ 34.4ಕ್ಕೆ ಯೂರಿಯಾ 75 ಕೆ.ಜಿ. ಪೊಟ್ಯಾಷ್ 50ಕ್ಕೆ ಮ್ಯೂರೇಟ್ 83 ಕೆ.ಜಿ. ಡಿಎಪಿ ಸಿಗದ ವರ್ಷ 10:26:26 (ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣದ ಮಿಶ್ರಗೊಬ್ಬರ) ಮೂರು ಚೀಲ ಹಾಕಿದರೆ 15, 39, 39 ಬರುತ್ತದೆ; ಅದಕ್ಕೆ 18 ಕೆ.ಜಿ. ಮ್ಯೂರೇಟ್, 76 ಕೆ.ಜಿ. ಯೂರಿಯಾ ಸೇರಿಸಿದರೆ ಲೆಕ್ಕ ಸರಿ. ಪೊಟ್ಯಾಷನ್ನು ಅರ್ಧ ಚೀಲಕ್ಕೆ ಮುಗಿಸುವ ಅಭ್ಯಾಸ ಬಿಡಬೇಕು. ಆಲೂಗಡ್ಡೆ ಸಾರಜನಕಕ್ಕಿಂತ ಪೊಟ್ಯಾಷನ್ನೇ ಹೆಚ್ಚು ಹೀರುವ ಬೆಳೆ, ಎಲೆಯಲ್ಲಿ ತಯಾರಾದ ಸಕ್ಕರೆ ಗಡ್ಡೆಗೆ ಇಳಿಯಲು ಅದು ಬೇಕೇ ಬೇಕು.

ಈ ಲೆಕ್ಕದಿಂದ ಹಟ್ಟಿಗೊಬ್ಬರದ ಪಾಲನ್ನು ಕಳೆಯಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 10 ಟನ್ನಿನಲ್ಲಿ ಸುಮಾರು 50 ಕೆ.ಜಿ. ಸಾರಜನಕವಿದ್ದರೂ ಮೊದಲ ಹಂಗಾಮಿಗೆ ಸಿಗುವುದು 12ರಿಂದ 15 ಮಾತ್ರ. ಕೋಳಿಗೊಬ್ಬರ ಟನ್ನಿಗೆ 12 ಕೆ.ಜಿ. ಎಂದು ಹಿಡಿದರೆ ತಪ್ಪಾಗದು. ನಮ್ಮ ಎಕರೆಗೆ ಬಿದ್ದ 2 ಟನ್ ಕೋಳಿಗೊಬ್ಬರದ ಜೊತೆ ಈ ಲೆಕ್ಕದ 87 ಕೆ.ಜಿ. ಡಿಎಪಿ ಹಾಕಿದ್ದರೆ ಸಾರಜನಕ 40ರ ಹತ್ತಿರ ಬರುತ್ತಿತ್ತು. ಅಂದರೆ ಅಲ್ಲಿ ಬೇಕಾಗಿದ್ದ ಯೂರಿಯಾ ಒಟ್ಟು ಸುಮಾರು 22 ಕೆ.ಜಿ.; ಹಾಕಿದ್ದು 90.

ಹಾಕುವ ಹೊತ್ತು ಹೀಗೆ. ನೆಡುವ ದಿನ ಸಾಲಿಗೆ ಡಿಎಪಿ, ಮ್ಯೂರೇಟ್, 20 ಕೆ.ಜಿ. ಯೂರಿಯಾ, ಇದರಿಂದ ಸಾರಜನಕದ ಅರ್ಧ, ಅಂದರೆ 25 ಕೆ.ಜಿ. ಮುಗಿಯಿತು. ಗೊಬ್ಬರ ಹೋಳಿಗೆ ತಾಗಬಾರದು. ಯೂರಿಯಾ ಮಣ್ಣಿನಲ್ಲಿ ಒಡೆಯುವಾಗ ಹೊರಡುವ ಅಮೋನಿಯಾ ಎಳೆ ಮೊಳಕೆಯನ್ನು ಸುಡುತ್ತದೆ, ಮ್ಯೂರೇಟಿನ ಉಪ್ಪು ಗಾಯವನ್ನು ಒಣಗಿಸುತ್ತದೆ. ನೇಗಿಲ ಸಾಲಿನಲ್ಲಿ ಗೊಬ್ಬರ ಉದುರಿಸಿ, ಕಾಲಿನಿಂದಲೋ ಕುಂಟೆಯಿಂದಲೋ ಎರಡು ಮೂರು ಬೆರಳು ಮಣ್ಣು ಎಳೆದು, ಅದರ ಮೇಲೆ ಹೋಳನ್ನು ಕಣ್ಣು ಮೇಲಾಗಿ ಇಟ್ಟು ಮುಚ್ಚಬೇಕು. ಉಳಿದ 55 ಕೆ.ಜಿ. ಯೂರಿಯಾ 25ರಿಂದ 28ನೇ ದಿನ, ಕಳೆ ತೆಗೆದ ಮೇಲೆ, ಗಿಡದ ಬುಡದಿಂದ ನಾಲ್ಕು ಬೆರಳು ದೂರ ಎಳೆದು, ಅದೇ ದಿನ ಮಣ್ಣು ಏರಿಸಿ. ಮಣ್ಣು ಮುಚ್ಚದೆ ಬಿಟ್ಟ ಯೂರಿಯಾ ಒಂದು ಪಾಲು ಗಾಳಿಗೆ ಹೋಗುತ್ತದೆ, ಒಂದು ಪಾಲು ಮಳೆಯ ಜೊತೆ ಸಾಲಿನ ತುದಿಗೆ ಹರಿಯುತ್ತದೆ.

ಮರಳು ಜಾಸ್ತಿ ಇರುವ ಹೊಲದಲ್ಲಿ ಈ 55 ಕೆ.ಜಿ.ಯನ್ನು ಎರಡು ಮಾಡಿ: 20-22ನೇ ದಿನ ಮೂವತ್ತು, 32-33ನೇ ದಿನ ಇಪ್ಪತ್ತೈದು. ಮರಳುಗೋಡು ಮಣ್ಣು ಒಮ್ಮೆ ನೆನೆದು ತುಂಬಿದ ಮೇಲೆ, ಕೆಳಗಿಳಿಯುವ ಪ್ರತಿ 10 ಮಿ.ಮೀ. ನೀರು ನೈಟ್ರೇಟನ್ನು ನಾಲ್ಕೈದು ಸೆಂಟಿಮೀಟರ್ ಕೆಳಕ್ಕೆ ತಳ್ಳುತ್ತದೆ. ಆಲೂಗಡ್ಡೆಯ ಬೇರಿನ ಬಹುಪಾಲು ಮೇಲಿನ ಒಂದು ಅಡಿಯಲ್ಲೇ ಇರುವುದರಿಂದ, ಹಾಗೆ 60-70 ಮಿ.ಮೀ. ಇಂಗಿದರೆ ಅಲ್ಲಿದ್ದ ನೈಟ್ರೇಟ್ ಬೇರಿನ ಕೈಗೆ ಸಿಗದು. ಇಂಥ ಮಳೆ 35 ದಿನದೊಳಗೆ ಹೊಡೆದು, ಹಳೆಯ ಎಲೆಗಳು ಹೊಲಪೂರ್ತಿ ಒಂದೇ ಸಮ ಬಿಳಿಚಿಕೊಂಡರೆ ಎಕರೆಗೆ 15ರಿಂದ 20 ಕೆ.ಜಿ. ಯೂರಿಯಾ ಮತ್ತೆ ಕೊಡುವುದು ಸರಿ. 40 ದಿನ ದಾಟಿದ ಮೇಲೆ ಜ್ಯೋತಿಗೆ ಯೂರಿಯಾ ಬೇಡ.

ಪುಖ್ರಾಜ್‌ಗೆ 50ರಲ್ಲಿ 30 ನೆಡುವಾಗಲೇ ಹೋಗಲಿ, 20 ಮಾತ್ರ 20-22ನೇ ದಿನ. ಹಿಮಾಲಿನಿಗೆ 40ರಿಂದ 45ಕ್ಕೆ ನಿಲ್ಲಿಸಿ ನೋಡಿ. ಅಟ್ಲಾಂಟಿಕ್‌ಗೆ 30 ದಿನದೊಳಗೆ ಎಲ್ಲ ಸಾರಜನಕ ಮುಗಿಯಬೇಕು, ಮತ್ತು ಮ್ಯೂರೇಟಿನ ಕ್ಲೋರೈಡ್ ಒಣ ಅಂಶ ಇಳಿಸುವುದರಿಂದ ಪೊಟ್ಯಾಷನ್ನು ಸಲ್ಫೇಟ್ ರೂಪದಲ್ಲಿ ಕೊಡುವುದು ಮೇಲು. ಇವು ಶುರು ಮಾಡಲು ಸರಿಯಾದ ಅಂಕಿಗಳು. ನಿಮ್ಮ ಮಣ್ಣಿನ ಅಂಕಿ ಹೊಲದಲ್ಲೇ ಸಿಗಬೇಕು. ಅದಕ್ಕೆ ದಾರಿ ಮುಂದಿದೆ.

ಹಳದಿ ಎಲ್ಲ ಸಾರಜನಕದ ಹಸಿವಲ್ಲ

ನಮ್ಮ ಎಕರೆಯ 45ನೇ ದಿನಕ್ಕೆ ವಾಪಸು ಬರೋಣ, ಏಕೆಂದರೆ ಎರಡನೇ ಚೀಲ ಹಾಕಿಸಿದ್ದು ಆ ಹಳದಿ. ವಾರವಿಡೀ ಮಳೆ ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಿರುವುದಿಲ್ಲ. ಮಣ್ಣಿನಲ್ಲಿ ಸಾರಜನಕ ಇದ್ದರೂ ಹೀರಲಾಗದು. ಸಾಲಿನ ತಗ್ಗಿನಲ್ಲಿ ಮಾತ್ರ ಹಳದಿ, ಏರಿನಲ್ಲಿ ಹಸಿರು ಇದ್ದರೆ ಇದು ನೀರಿನ ತೊಂದರೆ. ಬಸಿಗಾಲುವೆ ಬಿಡಿಸಿದರೆ ನಾಲ್ಕೈದು ದಿನದಲ್ಲಿ ತಾನೇ ಹಸಿರಾಗುತ್ತದೆ. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಬಿಳಿಚಿ, ಕೆಳಗಿನ ಎಲೆ ಅಂಚಿನಿಂದ ಮೇಲಕ್ಕೆ ಸುರುಳಿ ಸುತ್ತಿ, ಮುಟ್ಟಿದರೆ ತೊಗಲಿನಂತೆ ಬಿರುಸಾಗಿ, ಮಡಿಸಿದರೆ ಚಟ್ಟನೆ ಮುರಿದರೆ ಅದು ಎಲೆಸುರುಳಿ ವೈರಸ್. ಯೂರಿಯಾ ಅದಕ್ಕೆ ಏನೂ ಮಾಡದು, ಆ ಗಿಡ ಕಿತ್ತು ಹೊರಹಾಕಬೇಕು. ನಿಜವಾದ ಸಾರಜನಕದ ಕೊರತೆ ಹೊಲಪೂರ್ತಿ ಸಮನಾಗಿ, ಬುಡದ ಎಲೆಯಿಂದ ಮೇಲಕ್ಕೆ ಹತ್ತುತ್ತದೆ, ಎಲೆ ಮೃದುವಾಗಿಯೇ ಇರುತ್ತದೆ. ಹಾಗೆಂದು ಸಾರಜನಕ ತೀರ ಕಡಿಮೆ ಮಾಡಿದರೂ ಪೆಟ್ಟು ಬೀಳುತ್ತದೆ. ಹಸಿದ ಗಿಡಕ್ಕೆ ಉಂಗುರ ಉಂಗುರದ ಕಂದುಚುಕ್ಕೆಯ ಮುಂಚಿನ ಅಂಗಮಾರಿ ಬೇಗ ಹತ್ತುತ್ತದೆ, ಸೊಪ್ಪು 60 ದಿನಕ್ಕೇ ಒಣಗುತ್ತದೆ.

ಈಗ 55ನೇ ದಿನದಲ್ಲಿ ಆ ಎಕರೆಗೆ ಏನು ಮಾಡಬಹುದು? ಹಾಕಿದ ಸಾರಜನಕವನ್ನು ವಾಪಸು ತೆಗೆಯಲಾಗದು. ಯೂರಿಯಾ, 19:19:19 ಸಿಂಪಡಣೆ, ‘ಬೆಳವಣಿಗೆ ಟಾನಿಕ್’ ಎಲ್ಲ ನಿಲ್ಲಬೇಕು. ಬಸಿಗಾಲುವೆ ತೆರೆಯಬೇಕು. ಸೊಪ್ಪು ಒತ್ತಾಗಿರುವುದರಿಂದ ಔಷಧಿ ಎಲೆಯ ಕೆಳಗೂ ಕಾಂಡಕ್ಕೂ ತಲುಪುವಂತೆ ನೀರಿನ ಪ್ರಮಾಣ ಹೆಚ್ಚಿಸಿ ಅಂಗಮಾರಿ ತಡೆ ಬಿಡದೆ ನಡೆಯಬೇಕು. ರೋಗ ಕಾಣುವ ಮುಂಚೆ ಮ್ಯಾಂಕೋಜೆಬ್ ಲೀಟರಿಗೆ 2ರಿಂದ 2.5 ಗ್ರಾಂ, ಕಂಡ ಮೇಲೆ ಅಂತರ್ವ್ಯಾಪಿ (ಗಿಡದೊಳಗೆ ಹರಡುವ) ಔಷಧಿ, ಅದನ್ನೂ ಒಂದನ್ನೇ ಹಿಡಿಯದೆ ಬದಲಿಸುತ್ತಾ. ಕೀಳುವ ದಿನವನ್ನು ಹತ್ತು ಹದಿನೈದು ದಿನ ಮುಂದೆ ಹಾಕಬೇಕು. ಬೆಲೆ ಇದೆಯೆಂದು 80 ದಿನಕ್ಕೆ ಕಿತ್ತರೆ ಹೆಬ್ಬೆರಳಿಗೇ ಸುಲಿಯುವ ಎಳೆ ಸಿಪ್ಪೆ. ಚೀಲದಲ್ಲಿ ಉಜ್ಜಿ ಕಪ್ಪಾಗಿ, ಲಾರಿಯಲ್ಲೇ ಕೊಳೆಯಲು ಶುರುವಾಗುತ್ತದೆ. ಕೀಳುವ 10ರಿಂದ 15 ದಿನ ಮುಂಚೆ ಸೊಪ್ಪು ಕೊಯ್ದು ಹೊಲದಿಂದ ಹೊರಹಾಕಿದರೆ ಸಿಪ್ಪೆ ಬಲಿಯುತ್ತದೆ. ಮುಕ್ಕಾಲು ಸೊಪ್ಪು ಅಂಗಮಾರಿಗೆ ಸಿಕ್ಕಿಬಿಟ್ಟರೆ ಕಾಯದೆ ಕೊಯ್ದುಬಿಡಿ. ಇಲ್ಲವಾದರೆ ಮಳೆ ರೋಗವನ್ನು ಗಡ್ಡೆಗೆ ತೊಳೆದಿಳಿಸುತ್ತದೆ.

ಮುಂದಿನ ವರ್ಷಕ್ಕೆ ಐದು ಗುಂಟೆಯ ಪರೀಕ್ಷೆ

ಎರಡು ತಳಿ, ಮೂರು ಮಟ್ಟದ ಸಾರಜನಕ, ಎರಡು ಸಲ ಪುನರಾವರ್ತನೆ: ಒಟ್ಟು 12 ತುಂಡು. ಪ್ರತಿ ತುಂಡು 10 ಮೀಟರ್ ಉದ್ದದ 6 ಸಾಲು, ಅಂದರೆ 36 ಚದರ ಮೀಟರ್. ಜ್ಯೋತಿ, ಹಿಮಾಲಿನಿ, ಎಕರೆಗೆ 30, 50, 70 ಕೆ.ಜಿ. ಸಾರಜನಕ. ಡಿಎಪಿ, ಪೊಟ್ಯಾಷ್, ಔಷಧಿ, ಅಂತರ ಎಲ್ಲ ತುಂಡಿಗೂ ಒಂದೇ. ಕೋಳಿಗೊಬ್ಬರ ಈ ಜಾಗಕ್ಕೆ ಬೇಡ. ಡಿಎಪಿಯ 15.6 ಕಳೆದರೆ ತುಂಡಿಗೆ ಬೇಕಾದ ಒಟ್ಟು ಯೂರಿಯಾ ಕ್ರಮವಾಗಿ 280 ಗ್ರಾಂ, 665 ಗ್ರಾಂ, 1,050 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ತೂಗಿ, ಪೊಟ್ಟಣ ಕಟ್ಟಿ, ತುಂಡಿನ ಸಂಖ್ಯೆ ಬರೆದಿಡಿ. ಕಾಲುಭಾಗ ನೆಡುವಾಗ, ಉಳಿದದ್ದು ಮಣ್ಣು ಏರಿಸುವಾಗ. ಮೊದಲ ಸಲದ ಆರು ತುಂಡುಗಳ ಜಾಗವನ್ನು ಚೀಟಿ ಎತ್ತಿ ನಿರ್ಧರಿಸಿ, ಎರಡನೇ ಸಲಕ್ಕೆ ಮತ್ತೆ ಚೀಟಿ ಎತ್ತಿ; ಇಳಿಜಾರಿನ ಒಳ್ಳೆಯ ಮಣ್ಣು ಒಂದೇ ತಳಿಗೆ ಸಿಕ್ಕರೆ ಪರೀಕ್ಷೆ ಸುಳ್ಳು ಹೇಳುತ್ತದೆ.

ಕೀಳುವಾಗ ಅಂಚಿನ ಎರಡು ಸಾಲು, ಎರಡೂ ತುದಿಯ ಒಂದೊಂದು ಮೀಟರ್ ಬಿಟ್ಟು ನಡುವಿನ 4 ಸಾಲಿನ 8 ಮೀಟರ್ ಮಾತ್ರ ತೂಗಿ. ಅದು 19.2 ಚದರ ಮೀಟರ್, ಬಂದ ಕೆ.ಜಿ.ಯನ್ನು 211ರಿಂದ ಗುಣಿಸಿದರೆ ಎಕರೆಯ ಇಳುವರಿ. ಅಲ್ಲಿ 40 ಕೆ.ಜಿ. ಬಂದರೆ ಎಕರೆಗೆ ಸುಮಾರು 8.4 ಟನ್. ಒಟ್ಟು ತೂಕದಲ್ಲಿ ನಿಲ್ಲಬೇಡಿ, 75 ಗ್ರಾಂ ಮೇಲಿನವು, 25ರಿಂದ 75, ಅದಕ್ಕೂ ಸಣ್ಣವು ಎಂದು ಮೂರು ರಾಶಿ ಮಾಡಿ ಬೇರೆ ಬೇರೆ ತೂಗಿ. ಬೆಲೆ ಸಿಗುವುದು ಮೊದಲ ರಾಶಿಗೆ. ಒಣ ಅಂಶ ನೋಡಲು ತೊಳೆದ 5 ಕೆ.ಜಿ. ಗಡ್ಡೆಯನ್ನು ಬಲೆಚೀಲದಲ್ಲಿ ಕಟ್ಟಿ, ತೂಗುಕೊಕ್ಕೆಯಿಂದ ನೀರು ತುಂಬಿದ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿ ತೂಗಿ. ನೀರಿನಲ್ಲಿ 375 ಗ್ರಾಂ ತೂಗಿದರೆ ಸಾಪೇಕ್ಷ ಸಾಂದ್ರತೆ 1.081, ಒಣ ಅಂಶ ಸುಮಾರು ಶೇ 20. 325 ಗ್ರಾಂ ಆಸುಪಾಸಿಗೆ ಇಳಿದರೆ ಒಣ ಅಂಶ ಶೇ 18ರ ಹತ್ತಿರ ಬಂದಿದೆ. ಒಂದೇ ತಳಿಯಲ್ಲಿ 30ರಿಂದ 70ಕ್ಕೆ ಹೋದಂತೆ ಈ ತೂಕ ಇಳಿಯುತ್ತಾ ಬಂದರೆ ಸಾರಜನಕ ಎಲ್ಲಿ ಹೋಯಿತೆಂದು ಡ್ರಮ್ಮೇ ಹೇಳುತ್ತದೆ. 50 ಮತ್ತು 70ರ ನಡುವೆ ದೊಡ್ಡ ಗಡ್ಡೆಯ ರಾಶಿ ಹೆಚ್ಚದಿದ್ದರೆ ಆ ಮಣ್ಣಿಗೆ, ಆ ತಳಿಗೆ 50 ಸಾಕು; 30 ಮತ್ತು 50ರ ನಡುವೆಯೂ ಹೆಚ್ಚದಿದ್ದರೆ ಇನ್ನೂ ಇಳಿಸಬಹುದು. ಒಂದು ವರ್ಷದ ಮಳೆಯ ಮೇಲೆ ತೀರ್ಪು ಕೊಡದೆ ಎರಡು ಮುಂಗಾರು ನೋಡಿ.

ನಮ್ಮ ಎಕರೆಯಲ್ಲಿ ಗಿಡ ಹೀರದೆ ಉಳಿದ ಸಾರಜನಕದಲ್ಲಿ ಮಳೆ ಒಯ್ಯದೆ ಬಿಟ್ಟದ್ದು, ಮತ್ತು ಕೋಳಿಗೊಬ್ಬರದ ಇನ್ನರ್ಧ, ಇನ್ನೂ ಮಣ್ಣಿನಲ್ಲಿದೆ. ಗಡ್ಡೆ ಕಿತ್ತ ಹದಕ್ಕೇ ರಾಗಿ ಪೈರು ನಾಟಿ ಮಾಡಿ, ಅದಕ್ಕೆ ತಳಗೊಬ್ಬರದ ಯೂರಿಯಾ ಕೊಡಬೇಡಿ. ಮೂರು ವಾರ ಬಿಟ್ಟು ಎಲೆಯ ಬಣ್ಣ ನೋಡಿ ಬೇಕಾದರೆ ಮಾತ್ರ ಹಾಕಿ.